ಆರಿಸಿದ ಮೇಲೂ ಕಣ್ಣು ಬಿಟ್ಟಿದ್ದ ಬಲ್ಬು

ನಿಮ್ಮ ಮನೆಯಲ್ಲಿ ಸ್ವಿಚ್ ಆಫ್ ಮಾಡಿದ ಮೇಲೂ ಯಾವುದಾದರೂ ಎಲ್‌ಇಡಿ ಬಲ್ಬು ಪೂರ್ತಿ ಆರದೆ, ಬೂದಿ ಮುಚ್ಚಿದ ಕೆಂಡದ ಹಾಗೆ ಮಿಣಮಿಣ ಅಂತಿರುತ್ತದಾ? ನಮ್ಮ ಅಕ್ಕಿಆಲೂರಿನ ಮನೆಯಲ್ಲಿ ಇತ್ತು. ನಡುಮನೆಯ ಬಲ್ಬು. ಮೊದಲು ನೋಡಿದ್ದು ಅವ್ವ. ವಿಡಿಯೊ ಕಾಲ್‌ನಲ್ಲಿ ಫೋನನ್ನು ಮೇಲಕ್ಕೆ ಹಿಡಿದು ತೋರಿಸಿದಳು. "ನೋಡಿಲ್ಲೆ, ಆರಿಸಿದ್ರೂ ಕಣ್ಣ ಬಿಟ್ಕೊಂಡ ಕುಂತೈತಿ ಇದು. ರಾತ್ರಿ ಎದ್ರ ಅಂಜಿಕಿ ಬರ್ತೈತಿ." ನಾನು ಬೆಂಗಳೂರಿನ ರೂಮಿನಲ್ಲಿ ಕೂತು, "ಹೊಸಾ ನಮೂನಿ ಜೀರೊ ಬಲ್ಬ್ ಅಂತ ತಿಳ್ಕೊ, ಅದೂ ಪುಕ್ಕಟೆ" ಅಂದೆ. ಇಬ್ಬರೂ ನಕ್ಕೆವು.

ಹದಿನೈದು ದಿನದ ಮೇಲೆ ಅಪ್ಪ ಅದೇ ಬಲ್ಬಿನ ಕೆಳಗೆ ಬಿದ್ದ.

ಬಲ್ಬಿನ ಹೋಲ್ಡರ್ ಸಡಿಲಾಗಿತ್ತು. ಅಪ್ಪ ನಲವತ್ತು ವರ್ಷದಿಂದ ಮಾಡಿದ ಹಾಗೆಯೇ ಸ್ವಿಚ್ ಆರಿಸಿದ, ಸ್ಟೂಲ್ ಹತ್ತಿದ, ಒಂದು ಕೈಯಿಂದ ಕಿಟಕಿಯ ಕಬ್ಬಿಣದ ಸರಳು ಹಿಡಿದುಕೊಂಡು ಇನ್ನೊಂದು ಕೈಯಿಂದ ಹೋಲ್ಡರ್ ಬಿಚ್ಚಿದ. ಮಳೆಗಾಲ. ನಮ್ಮ ಹಾನಗಲ್ಲ ಕಡೆ ಮಳೆ ಹಿಡಿದರೆ ಗೋಡೆ ಎಲ್ಲ ತಂಪು ಹಿಡಿಯುತ್ತದೆ. ಮುಂದಿನದನ್ನು ಅವ್ವ ಹೇಳಿದ್ದು ಇಷ್ಟೇ: "ಒಮ್ಮಿ ಒದರಿದ್ರು, ಬಿದ್ರು." ಎಡಗೈ ಮಣಿಕಟ್ಟು ಮುರಿದಿತ್ತು. ಹಾವೇರಿಗೆ ಕರೆದುಕೊಂಡು ಹೋಗಿ ಪ್ಲಾಸ್ಟರ್ ಹಾಕಿಸಿದರು. ಬಿದ್ದದ್ದೇ ಪುಣ್ಯ ಅಂತ ಡಾಕ್ಟರು ಹೇಳಿದರಂತೆ. ಸರಳನ್ನು ಗಟ್ಟಿಯಾಗಿ ಹಿಡಿದ ಕೈ ಬಿಡದೇ ಹೋಗಿದ್ದರೆ ಪ್ಲಾಸ್ಟರಿಗೆ ಕೆಲಸವೇ ಇರುತ್ತಿರಲಿಲ್ಲ.

ನಾನು ರಾತ್ರಿ ಬಸ್ಸಿಗೆ ಹೊರಟೆ. ದಾರಿಯುದ್ದಕ್ಕೂ ನನ್ನ ತಲೆಯಲ್ಲಿ ಇದ್ದದ್ದು ಒಂದೇ ಬಣ್ಣ. ಕೆಂಪು.

ಯಾಕೆ ಅಂತ ಹೇಳುತ್ತೇನೆ. ನಮ್ಮದು ಹಳೆಯ ಹಂಚಿನ ಮನೆ. ಗೋಡೆಯ ಮೇಲೆ ಕಟ್ಟಿಗೆ ಪಟ್ಟಿ, ಪಟ್ಟಿಯ ಮೇಲೆ ತಗಡಿನ ಕ್ಲಿಪ್ಪು, ಕ್ಲಿಪ್ಪಿನಲ್ಲಿ ಎರಡು ವಾಯರು, ಬಾಗಿಲ ಮೇಲೆ ಬಿಳಿ ಪಿಂಗಾಣಿಯ ಕಟೌಟ್. ಫ್ಯೂಸ್ ಹೋದರೆ ಅಪ್ಪ ಒಂದು ಎಳೆ ತಂತಿ ಸುತ್ತಿ ಮತ್ತೆ ಸಿಕ್ಕಿಸುತ್ತಿದ್ದ. ತಂಗಿಯ ಮದುವೆ ನಿಕ್ಕಿ ಆದಾಗ ಹೊಸದಾಗಿ ವಾಯರಿಂಗ್ ಮಾಡಿಸೋಣ ಅಂತ ಹೊರಟವಳು ನಾನೇ. ಊರಿನ ವಾಯರ್‌ಮನ್ ಕಾಕಾ (ಎಲ್ಲರೂ ಹಾಗೇ ಕರೆಯುವುದು, ನಾನೂ ಹಾಗೇ ಕರೆಯುತ್ತೇನೆ) ಒಂದು ಚೀಟಿ ಬರೆದು ಫೋಟೊ ಕಳಿಸಿದರು. ಲೈಟು ಫ್ಯಾನಿಗೆ 1.5 ಸ್ಕ್ವೇರ್ ಎಂಎಂ, ಪ್ಲಗ್ಗಿಗೆ 2.5, ಗೀಸರ್‌ಗೆ 4. ಪ್ರತಿಯೊಂದರ ಮುಂದೆ ಕೆಂಪು ಇಷ್ಟು, ಕರಿ ಇಷ್ಟು, ಹಸಿರು ಇಷ್ಟು ಅಂತ ಬಂಡಲ್ ಲೆಕ್ಕ.

ನಾನು ಆನ್‌ಲೈನಿನಲ್ಲಿ ಹುಡುಕಿದೆ. ಒಳ್ಳೆಯ ಕಂಪನಿಯದೇ ವಾಯರು, 90 ಮೀಟರಿನ ಬಂಡಲ್, ಕೆಂಪು ಬಣ್ಣಕ್ಕೆ ಮಾತ್ರ ಭರ್ಜರಿ ರಿಯಾಯಿತಿ. ಕರಿದು ಪೂರ್ತಿ ಬೆಲೆ. ಒಳಗಿನ ತಾಮ್ರ ಒಂದೇ ಅಲ್ಲವಾ, ಗೋಡೆಯೊಳಗೆ ಹೋದ ಮೇಲೆ ಯಾರು ಬಣ್ಣ ನೋಡುತ್ತಾರೆ ಅಂತ ಎಲ್ಲ ಕೆಂಪೇ ತರಿಸಿದೆ. ಉಳಿದದ್ದು ಎರಡು ಸಾವಿರದ ಚಿಲ್ಲರೆ. ಕಾಕಾ ಫೋನ್ ಮಾಡಿ, "ತಂಗಿ, ಕರಿದು ಇಲ್ಲಲ್ಲವಾ" ಅಂದರು. "ಅಡ್ಜಸ್ಟ್ ಮಾಡ್ರಿ ಕಾಕಾ, ನೀವು ಎಕ್ಸ್‌ಪರ್ಟ್ ಇದ್ದೀರಿ" ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಅರ್ತಿಗೆ ಹಸಿರಾದ್ರೂ ಕೊಡ್ಸು. ಅದನ್ನ ಬಿಟ್ರ ನಾ ಕೆಲಸಾ ಹಿಡಿಯಂಗಿಲ್ಲ" ಅಂದರು. ಒಂದು ಹಸಿರು ಬಂಡಲ್ ತರಿಸಿದೆ. ಉದಾರತನ ತೋರಿಸಿದ ಹಾಗೆ!

ನಾನು ಮನೆ ತಲುಪಿದಾಗ ಕಾಕಾ ಆಗಲೇ ಮೇನ್ ಆಫ್ ಮಾಡಿ ಸ್ವಿಚ್‌ಬೋರ್ಡ್ ಬಿಚ್ಚಿ ಕೂತಿದ್ದರು. ನಾನು ಅವರ ಮೇಲೆ ಹಾರಿಬೀಳಬೇಕು ಅಂತಲೇ ಬಂದಿದ್ದೆ. ಬೋರ್ಡಿನ ಹಿಂದೆ ಹತ್ತು ಹನ್ನೆರಡು ವಾಯರು ಹೊರಗೆ ಬಂದಿದ್ದವು. ಎಲ್ಲವೂ ಒಂದೇ ಕೆಂಪು. ನೋಡಿದೆ, ಬಾಯಿ ಕಟ್ಟಿತು.

"ಇದರಾಗ ಫೇಸ್ ಯಾವುದು, ನ್ಯೂಟ್ರಲ್ ಯಾವುದು ಹೇಳು ನೋಡೋಣ" ಅಂದರು ಕಾಕಾ. ಸಿಟ್ಟಿನಿಂದ ಅಲ್ಲ, ಶಾಲೆ ಮಾಸ್ತರ ಥರ.

ಪೈಪಿನೊಳಗೆ ವಾಯರ್ ಎಳೆಯುವಾಗ ಅವರು ಪ್ರತಿ ನ್ಯೂಟ್ರಲ್ಲಿನ ತುದಿಗೆ ಒಂದು ಗಂಟು ಹಾಕಿಟ್ಟಿದ್ದರಂತೆ. ಆಮೇಲೆ ಗಿಲಾವ್ ಆಯಿತು, ಪೇಂಟಿಂಗ್ ಆಯಿತು, ಯಾರೋ ಹೊರಗೆ ಜೋಲುತ್ತಿದ್ದ ತುದಿಗಳನ್ನು ಅಡ್ಡ ಬರುತ್ತವೆ ಅಂತ ಕತ್ತರಿಸಿ ಹಾಕಿದರು. ಗಂಟೂ ಹೋಯಿತು, ಗುರುತೂ ಹೋಯಿತು. ಮದುವೆ ಹತ್ತಿರ, ಅವಸರ. ಕಾಕಾನ ಕೈಕೆಳಗಿನ ಹುಡುಗ ಬೋರ್ಡ್ ಕೂಡಿಸಿದ. ಬಲ್ಬ್ ಹತ್ತಿತು, ಫ್ಯಾನ್ ತಿರುಗಿತು, ಎಲ್ಲರೂ ಚಪ್ಪಾಳೆ.

ಸಮಸ್ಯೆ ಏನೆಂದರೆ ಬಲ್ಬು ಎರಡೂ ರೀತಿಯಲ್ಲಿ ಹತ್ತುತ್ತದೆ. ಸ್ವಿಚ್ಚು ಫೇಸ್ ವಾಯರನ್ನು ಕತ್ತರಿಸಬೇಕು. ಆಗ ಆಫ್ ಮಾಡಿದರೆ ಹೋಲ್ಡರ್ ತನಕ ಕರೆಂಟ್ ಬರುವುದೇ ಇಲ್ಲ. ನಮ್ಮ ನಡುಮನೆಯಲ್ಲಿ ಸ್ವಿಚ್ಚು ನ್ಯೂಟ್ರಲ್ಲಿನಲ್ಲಿ ಕೂತಿತ್ತು. ಆಫ್ ಮಾಡಿದರೆ ಕರೆಂಟ್ ವಾಪಸ್ ಹೋಗುವ ದಾರಿ ಮಾತ್ರ ಬಂದ್. ಹೋಲ್ಡರಿನಲ್ಲಿ 230 ವೋಲ್ಟ್ ಹಾಗೇ ನಿಂತಿರುತ್ತದೆ, ದಾರಿ ಕೊಡುವವರು ಯಾರಾದರೂ ಬರಲಿ ಅಂತ ಕಾಯುತ್ತಾ. ಅಪ್ಪ ಒಂದು ಕೈ ಹೋಲ್ಡರಿಗೆ, ಇನ್ನೊಂದು ಕೈ ತೇವದ ಗೋಡೆಯಲ್ಲಿ ಹೂತ ಸರಳಿಗೆ ಕೊಟ್ಟು ಆ ದಾರಿ ಆದ.

ಮತ್ತೆ ಆ ಮಿಣಮಿಣ? ಅದೂ ಇದರದ್ದೇ ಸುದ್ದಿ. ಫೇಸ್ ಯಾವಾಗಲೂ ಬಲ್ಬಿನಲ್ಲಿ ಇದ್ದರೆ, ಗೋಡೆಯೊಳಗಿನ ವಾಯರುಗಳ ನಡುವೆ ಸೋರುವ ಕೂದಲೆಳೆಯಷ್ಟು ಕರೆಂಟು ಕೂಡ ಎಲ್‌ಇಡಿಯನ್ನು ಮಂದವಾಗಿ ಹೊತ್ತಿಸಲು ಸಾಕಾಗುತ್ತದೆ. ಹಳೆಯ ಬುರುಡೆ ಬಲ್ಬಾಗಿದ್ದರೆ ಗೊತ್ತೇ ಆಗುತ್ತಿರಲಿಲ್ಲ. ಎಲ್ಲ ಸಲವೂ ಇದೇ ಕಾರಣ ಅಲ್ಲ, ಸ್ವಿಚ್ಚಿನಲ್ಲಿ ಪುಟ್ಟ ಇಂಡಿಕೇಟರ್ ದೀಪ ಇದ್ದರೂ ಹೀಗಾಗುತ್ತದೆ, ಉದ್ದ ವಾಯರು ಪಕ್ಕಪಕ್ಕ ಓಡಿದ್ದರೂ ಆಗುತ್ತದೆ. ಆದರೆ ಒಬ್ಬ ವಾಯರ್‌ಮನ್ ಕರೆಸಿ ನೋಡಿಸುವುದಕ್ಕೆ ಅದು ಸಾಕಷ್ಟು ಕಾರಣ. ಅವ್ವ ಸರಿಯಾಗಿಯೇ ಹೇಳಿದ್ದಳು, ಕಣ್ಣು ಬಿಟ್ಟು ಕೂತಿದೆ ಅಂತ. ನಕ್ಕವಳು ನಾನು.

"ಹಂಗಾರ ಎಂಸಿಬಿ ಯಾಕ ಬೀಳಲಿಲ್ಲ?" ಅಂತ ಕೇಳಿದೆ. ಹೊಸ ಎಂಸಿಬಿ ಡಬ್ಬಿ ಹಾಕಿಸಿದ್ದೆವಲ್ಲ, ಅದರ ಮೇಲೆ ನನಗೆ ಬಹಳ ಭರವಸೆ. ಕಾಕಾ ನಕ್ಕರು. ಎಂಸಿಬಿ ಇರುವುದು ವಾಯರು ಸುಡದ ಹಾಗೆ ಕಾಯಲು. ಲೈಟಿನ ಲೈನಿಗೆ ಹಾಕಿದ ಎಂಸಿಬಿ 6 ಆಂಪಿಯರ್ ತನಕ ಸುಮ್ಮನೇ ಇರುತ್ತದೆ. ಮನುಷ್ಯನ ಜೀವಕ್ಕೆ ಆಂಪಿಯರ್‌ಗಟ್ಟಲೆ ಬೇಕಾಗಿಲ್ಲ, ಕೆಲವು ಹತ್ತು ಮಿಲಿ ಆಂಪಿಯರ್ ಎದೆಯ ಮೂಲಕ ಹಾದು ಹೋದರೆ ಸಾಕು. 9 ವಾಟಿನ ಒಂದು ಎಲ್‌ಇಡಿ ಬಲ್ಬು ಎಳೆಯುವುದೇ ಸುಮಾರು 40 ಮಿಲಿ ಆಂಪಿಯರ್. ಅಂದರೆ ನಡುಮನೆಯ ಬಲ್ಬಿಗೆ ಬೇಕಾದಷ್ಟೇ ಕರೆಂಟು ಅಪ್ಪನಿಗೂ ಸಾಕಾಗುತ್ತಿತ್ತು. ಈ ಲೆಕ್ಕ ಗೊತ್ತಾದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಆಮೇಲೆ ಒಂದು ವಾರ ರಜೆ ಹಾಕಿ ಊರಲ್ಲೇ ಇದ್ದೆ. ಕೆಂಪು ವಾಯರು ಒಂದೊಂದೇ ಹೊರಗೆ ಎಳೆಯುವುದು, ಅದರ ತುದಿಗೇ ಕರಿದು ಕಟ್ಟಿ ಒಳಗೆ ಬಿಡುವುದು. ನಾನು ಕಾಕಾಗೆ ಹೆಲ್ಪರ್. ಕೆಲಸದ ನಡುನಡುವೆ ಅವರು ಹೇಳಿದ್ದು, ನಾನು ರಾತ್ರಿ ಕೂತು ಓದಿದ್ದು ಎರಡೂ ಸೇರಿ ನನಗೆ ತಿಳಿದದ್ದು ಇಷ್ಟು.

ನಮ್ಮ ದೇಶದಲ್ಲಿ ಮನೆ ವಾಯರಿಂಗಿಗೆ ಐಎಸ್ 732 ಅಂತ ಒಂದು ಮಾನಕ ಇದೆ. ನಮ್ಮ ರೂಢಿಯ ಬಣ್ಣ: ಸಿಂಗಲ್ ಫೇಸ್ ಮನೆಯಲ್ಲಿ ಫೇಸ್ ಕೆಂಪು, ನ್ಯೂಟ್ರಲ್ ಕಪ್ಪು, ಅರ್ತ್ ಹಸಿರು, ಇಲ್ಲವೇ ಹಸಿರಿನ ಮೇಲೆ ಹಳದಿ ಗೆರೆ. ತ್ರೀ ಫೇಸ್ ಇದ್ದರೆ ಕೆಂಪು, ಹಳದಿ, ನೀಲಿ. ಇದನ್ನು ನಮ್ಮ ಕಡೆ ರೈತರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಬೋರಿಗೆ ಬಿಡುವ ಚಪ್ಪಟೆ ಕೇಬಲ್ಲಿನಲ್ಲಿ ಅದೇ ಮೂರು ಬಣ್ಣ. ಸ್ಟಾರ್ಟರಿನಲ್ಲಿ ಎರಡು ಬಣ್ಣ ಅದಲುಬದಲಾದರೆ ಮೋಟಾರ್ ಉಲ್ಟಾ ತಿರುಗುತ್ತದೆ, ಸದ್ದು ಬರುತ್ತದೆ, ನೀರು ಮಾತ್ರ ಬರುವುದಿಲ್ಲ. ಪ್ಲಾಸ್ಟರ್ ಕೈ ಕೊರಳಿಗೆ ಕಟ್ಟಿಕೊಂಡು ಕೂತಿದ್ದ ಅಪ್ಪ ಇದನ್ನು ಕೇಳಿ ಬೇಜಾರಿನಿಂದ ಅಂದ: "ಹೊಲದಾಗ ಬಣ್ಣಾ ನೋಡಿ ನೋಡಿ ವಾಯರ್ ಕೊಡ್ತೀನಿ. ಮನ್ಯಾಗ ಒಮ್ಮೆನೂ ನೋಡ್ಲಿಲ್ಲ ನೋಡು." ಮೋಟಾರು ತಪ್ಪಿದರೆ ನೀರು ಬರದೆ ಹೇಳುತ್ತದೆ. ಬಲ್ಬು ಏನೂ ಹೇಳುವುದಿಲ್ಲ. ನಮ್ಮದು ಪಾಪ, ಮಿಣಮಿಣ ಅಂತ ಹೇಳಿತ್ತು.

ಈಗ ಗೊಂದಲದ ಮಾತಿಗೆ ಬರೋಣ, ಯಾಕೆಂದರೆ ಫೋನಿನಲ್ಲಿ ವಿಡಿಯೊ ನೋಡಿ ಸ್ವಿಚ್ ಬದಲಿಸುವ ನಮ್ಮಂಥವರು ಸಿಕ್ಕಿಬೀಳುವುದು ಇಲ್ಲೇ. ನಿಮ್ಮ ಮಿಕ್ಸಿಯದೋ ಲ್ಯಾಪ್‌ಟಾಪ್ ಚಾರ್ಜರಿನದೋ ಕಾರ್ಡ್ ಕತ್ತರಿಸಿ ನೋಡಿದರೆ ಒಳಗೆ ಹಲವು ಸಲ ಕಂದು, ನೀಲಿ, ಹಸಿರು-ಹಳದಿ ಇರುತ್ತವೆ. ಅಲ್ಲಿ ಕಂದು ಫೇಸ್, ನೀಲಿ ನ್ಯೂಟ್ರಲ್. ಅದೇ ನೀಲಿ ನಮ್ಮ ಗೋಡೆಯೊಳಗೆ, ತ್ರೀ ಫೇಸ್ ಬೋರ್ಡಿನಲ್ಲಿ, ಮೂರನೇ ಫೇಸ್! ಒಂದು ಕಡೆ ಸಾಧು, ಇನ್ನೊಂದು ಕಡೆ ಹುಲಿ. ಅಮೆರಿಕದಲ್ಲಿ ಕಪ್ಪು ಬಣ್ಣವೇ ಫೇಸ್, ಬಿಳಿ ನ್ಯೂಟ್ರಲ್. ನ್ಯೂಜೆರ್ಸಿಯಲ್ಲಿರುವ ನನ್ನ ಕಾಲೇಜು ಗೆಳತಿಗೆ ಇದನ್ನು ಹೇಳಿದಾಗ ಅವಳು ತಾನು ಲೈಟ್ ಬದಲಿಸಲು ಹೋಗಿ ಕಪ್ಪು ವಾಯರನ್ನು ನಮ್ಮೂರಿನ ಕಪ್ಪು ಅಂತಲೇ ತಿಳಿದಿದ್ದೆ ಅಂದಳು. ಬ್ರೇಕರ್ ಆಫ್ ಇತ್ತು, ಬಚಾವ್.

ನಮ್ಮ ಕೆಂಪು-ಕಪ್ಪು-ಹಸಿರು ಬಂದದ್ದು ಬ್ರಿಟಿಷರಿಂದ. ತಮಾಷೆ ಅಂದರೆ ಅವರೇ ಅದನ್ನು ಬಿಟ್ಟುಬಿಟ್ಟರು. ಯುರೋಪಿನ ಜತೆ ಹೊಂದಿಸಿಕೊಳ್ಳಲು 2004ರಲ್ಲಿ ಮನೆ ವಾಯರಿಂಗಿಗೂ ಹೊಸ ಬಣ್ಣ ತಂದು, 2006ರಿಂದ ಕಡ್ಡಾಯ ಮಾಡಿದರು. ತ್ರೀ ಫೇಸಿಗೆ ಕಂದು, ಕಪ್ಪು, ಬೂದು, ನ್ಯೂಟ್ರಲ್ ನೀಲಿ. ಗಮನಿಸಿದಿರಾ? ಅವರ ಹಳೆಯ ನ್ಯೂಟ್ರಲ್ಲಿನ ಕಪ್ಪು ಈಗ ಫೇಸ್, ಹಳೆಯ ಫೇಸಿನ ನೀಲಿ ಈಗ ನ್ಯೂಟ್ರಲ್. ಹಾಗಾಗಿ ಹಳೆಯದು ಹೊಸದು ಎರಡೂ ಸೇರಿದ ಮನೆಯ ಬೋರ್ಡಿನ ಮೇಲೆ, ಇಲ್ಲಿ ಎರಡು ಕಾಲದ ಬಣ್ಣ ಇದೆ, ಹುಷಾರು ಅಂತ ಚೀಟಿ ಅಂಟಿಸುವ ನಿಯಮ ಮಾಡಿದರು. ಹಿಂದೆ ಜರ್ಮನಿಯಲ್ಲಿ ಅರ್ತ್ ವಾಯರೇ ಕೆಂಪು ಇತ್ತಂತೆ. ಅಲ್ಲಿಂದ ಬಂದ ಯಂತ್ರಕ್ಕೆ ನಮ್ಮ ಕಾಕಾ ಪ್ಲಗ್ ಹಾಕಿದ್ದರೆ ಏನಾಗುತ್ತಿತ್ತು ಅಂತ ಊಹಿಸಿಕೊಳ್ಳಿ. ಇಂಥ ಗೊಂದಲದಿಂದಲೇ ಹಸಿರು-ಹಳದಿ ಜೋಡಿ ಬಣ್ಣ ಎಲ್ಲ ಕಡೆ ಅರ್ತಿಗೆ ಮೀಸಲಾದದ್ದು. ಕೆಂಪು ಹಸಿರು ಬೇರೆ ಮಾಡಲಾಗದ ಬಣ್ಣಗುರುಡು ಇದ್ದವರಿಗೂ ಗೆರೆ ಕಾಣುತ್ತದೆ, ಅದು ದೊಡ್ಡ ಅನುಕೂಲ.

ಹಸಿರಿನ ವಿಷಯದಲ್ಲಿ ನಮ್ಮ ಮನೆಯಲ್ಲಿ ಇನ್ನೊಂದು ಅವಾಂತರ ಕಾದಿತ್ತು.

ನಾಲ್ಕನೇ ದಿನ ಕಾಕಾ ಆರ್‌ಸಿಸಿಬಿ ಹಾಕಿದರು. ನೋಡಲು ದಪ್ಪ ಎಂಸಿಬಿಯಂತೆ ಇರುತ್ತದೆ, ಮೇಲೆ 30 ಮಿಲಿ ಆಂಪಿಯರ್ ಅಂತ ಬರೆದಿರುತ್ತದೆ, ಟೆಸ್ಟ್ ಅಂತ ಒಂದು ಗುಂಡಿ. ಫೇಸಿನಲ್ಲಿ ಹೋದ ಕರೆಂಟು ಅಷ್ಟೂ ನ್ಯೂಟ್ರಲ್ಲಿನಲ್ಲಿ ವಾಪಸ್ ಬಂತಾ ಅಂತ ಅದು ಲೆಕ್ಕ ಹಾಕುತ್ತಲೇ ಇರುತ್ತದೆ. 30 ಮಿಲಿ ಆಂಪಿಯರ್ ವ್ಯತ್ಯಾಸ ಬಂದರೆ, ಅಂದರೆ ಕರೆಂಟು ಬೇರೆಲ್ಲೋ, ಬಹುಶಃ ಯಾರದೋ ಮೈಯಿಂದ ನೆಲಕ್ಕೆ ಹೋಗುತ್ತಿದ್ದರೆ, ಕಣ್ಣು ಮಿಟುಕಿಸುವಷ್ಟರಲ್ಲಿ ಬೀಳುತ್ತದೆ. (ಒಂದು ಕೈ ಫೇಸಿಗೆ, ಒಂದು ಕೈ ನ್ಯೂಟ್ರಲ್ಲಿಗೆ ಕೊಟ್ಟರೆ ಅದಕ್ಕೂ ಗೊತ್ತಾಗುವುದಿಲ್ಲ. ನಿಮ್ಮನ್ನೂ ಒಂದು ಬಲ್ಬು ಅಂದುಕೊಳ್ಳುತ್ತದೆ.) ಇದು ಮೊದಲೇ ಇದ್ದಿದ್ದರೆ ಅಪ್ಪನಿಗೆ ಜುಮ್ ಅಂದು ಬಿಡುತ್ತಿತ್ತು, ಅಷ್ಟೇ. ಮದುವೆಗೆ ವಾಯರಿಂಗ್ ಮಾಡಿಸುವಾಗ ಕಾಕಾನ ಚೀಟಿಯಲ್ಲಿ ಇದೂ ಇತ್ತು. "ಆಮೇಲೆ ನೋಡೋಣ" ಅಂತ ಹೊಡೆದು ಹಾಕಿದ್ದೂ ನಾನೇ.

ಆರ್‌ಸಿಸಿಬಿ ಮೇಲೆತ್ತಿದರು. ನಿಂತಿತು. ಎಲ್ಲರಿಗೂ ಖುಷಿ. ಅವ್ವ ಒಗ್ಗರಣೆ ಹಾಕಲು ಹೋಗಿ ಅಡಿಗೆ ಮನೆಯ ಎಕ್ಸಾಸ್ಟ್ ಫ್ಯಾನ್ ಹಾಕಿದಳು. ಟಪ್. ಮನೆಯೆಲ್ಲ ಕತ್ತಲು. ಮತ್ತೆ ಎತ್ತಿದರು, ಮತ್ತೆ ಫ್ಯಾನ್, ಮತ್ತೆ ಟಪ್. ಕಾಕಾನ ಮುಖ ನೋಡಬೇಕಿತ್ತು. ಮೇನ್ ಆಫ್ ಮಾಡಿ ಬೋರ್ಡ್ ಬಿಚ್ಚಿದರು. ಕೆಂಪು ವಾಯರ್ ಎರಡು ಮೀಟರ್ ಕಡಿಮೆ ಬಿದ್ದಿತ್ತೇನೋ, ಹುಡುಗ ಫ್ಯಾನಿನ ನ್ಯೂಟ್ರಲ್ಲನ್ನು ಪಕ್ಕದ ಹಸಿರು ವಾಯರಿಗೆ ಸುತ್ತಿ ಟೇಪ್ ಹಚ್ಚಿಬಿಟ್ಟಿದ್ದ. ಫ್ಯಾನ್ ತಿರುಗಿತ್ತು, ಅರ್ತಿನ ಮೂಲಕ. ಯಾರಿಗೂ ಗೊತ್ತಾಗಿರಲಿಲ್ಲ.

ಇದರಲ್ಲಿ ಏನು ಅಪಾಯ ಅಂತ ಕೇಳಿದೆ. ಕಾಕಾ ಫ್ರಿಜ್ಜಿನ ಕಡೆ ಕೈ ತೋರಿಸಿದರು. ಅದೇ ಹಸಿರು ವಾಯರು ಫ್ರಿಜ್ಜಿನ ಮೈಗೆ ಹೋಗುತ್ತದೆ, ವಾಷಿಂಗ್ ಮಷೀನಿನ ಮೈಗೆ ಹೋಗುತ್ತದೆ, ಗೀಸರಿಗೆ ಹೋಗುತ್ತದೆ. ಅಂಗಳದ ಅರ್ತ್ ಗುಂಡಿಯ ಜೋಡಣೆ ಒಂದು ದಿನ ತುಕ್ಕು ಹಿಡಿದು ಬಿಟ್ಟರೆ, ಫ್ಯಾನಿನಿಂದ ಬಂದ ಕರೆಂಟಿಗೆ ನೆಲಕ್ಕೆ ಇಳಿಯುವ ದಾರಿ ಇಲ್ಲ. ಅದು ಈ ಎಲ್ಲದರ ಮೈಮೇಲೆ ಬಂದು ನಿಲ್ಲುತ್ತದೆ. ಫ್ರಿಜ್ಜು ಕೆಟ್ಟಿಲ್ಲ, ಪ್ಲಗ್ ಸರಿ ಇದೆ, ಆದರೂ ಬಾಗಿಲು ಮುಟ್ಟಿದವರು ಹೋದರು. ಕಾಪಾಡಬೇಕಾದ ವಾಯರೇ ಕರೆಂಟು ಹಂಚುತ್ತದೆ. ತ್ರೀ ಪಿನ್ ಪ್ಲಗ್ಗಿನಲ್ಲಿ ಮೇಲಿನ ಅರ್ತ್ ಪಿನ್ನು ಉದ್ದ, ದಪ್ಪ ಇರುವುದು ಸುಮ್ಮನೆ ಅಲ್ಲ. ಸಿಕ್ಕಿಸುವಾಗ ಅದು ಎಲ್ಲರಿಗಿಂತ ಮೊದಲು ಸೇರಬೇಕು, ಕೀಳುವಾಗ ಕೊನೆಗೆ ಬಿಡಬೇಕು. ದಪ್ಪ ಇರುವುದರಿಂದ ತಪ್ಪು ತೂತಿಗೆ ಹೋಗುವುದೂ ಇಲ್ಲ. ಇಷ್ಟೆಲ್ಲ ಯೋಚನೆ ಮಾಡಿ ಯಾರೋ ಮಾಡಿದ ಪಿನ್ನಿನ ಹಿಂದೆ ನಮ್ಮ ಮನೆಯಲ್ಲಿ ಎಕ್ಸಾಸ್ಟ್ ಫ್ಯಾನ್ ಕೂತಿತ್ತು.

ಹುಡುಗನನ್ನು ಬೈಯಬೇಕು ಅನಿಸಿತು. ಕಾಕಾ ಕರೆಸಿದರು. ಹತ್ತೊಂಬತ್ತರ ಪೋರ. ತಲೆ ತಗ್ಗಿಸಿ ನಿಂತ. "ಕರೀ ವಾಯರ್ ಇದ್ದಿದ್ರ ನಾ ಯಾಕ ಹಸಿರು ಮುಟ್ಟತಿದ್ದೆ ಅಕ್ಕಾರ" ಅಂದ. ನನ್ನ ಬೈಗುಳ ಅಲ್ಲಿಗೇ ಮುಗಿಯಿತು. ಅವನಿಗೆ ಇನ್ನೂ ವಾಯರ್‌ಮನ್ ಪರ್ಮಿಟ್ ಆಗಿಲ್ಲ. ವಿದ್ಯುತ್ ಪರಿವೀಕ್ಷಣಾಲಯದವರು ಕೊಡುವ ಆ ಪರ್ಮಿಟ್ಟಿಗೆ ಈ ಸಲ ಅರ್ಜಿ ಹಾಕಿಸುತ್ತೇನೆ, ಅಲ್ಲಿಯ ತನಕ ಒಬ್ಬನೇ ಬೋರ್ಡ್ ಮುಟ್ಟುವ ಹಾಗಿಲ್ಲ ಅಂತ ಕಾಕಾ ನನ್ನೆದುರೇ ಅವನಿಗೆ ಹೇಳಿದರು. ಅವನಿಗಲ್ಲ, ನನಗೆ ಕೇಳಲಿ ಅಂತ ಹೇಳಿದ ಹಾಗಿತ್ತು.

ಬೆಂಗಳೂರಿಗೆ ಮರಳಿದ ಮೇಲೆ ಆಫೀಸಿನಲ್ಲಿ ಒಂದು ದಿನ ಫೆಸಿಲಿಟಿ ಟೀಮಿನವರು ಎಲೆಕ್ಟ್ರಿಕಲ್ ರೂಮಿನ ಬಾಗಿಲು ತೆರೆದಿಟ್ಟಿದ್ದರು. ನಾಲ್ಕು ವರ್ಷದಿಂದ ಅದರ ಎದುರೇ ಕಾಫಿಗೆ ಹೋಗುತ್ತೇನೆ, ಒಳಗೆ ಇಣುಕಿದ್ದು ಮೊದಲ ಸಲ. ತೋಳು ದಪ್ಪದ ಕೇಬಲ್ಲುಗಳು, ಪ್ರತಿಯೊಂದರ ಕುತ್ತಿಗೆಗೆ ಕೆಂಪು, ಹಳದಿ, ನೀಲಿ, ಕಪ್ಪು ಟೇಪು. ಎರಡು ಫೇಸ್ ನಡುವೆ ಅಲ್ಲಿ 400 ವೋಲ್ಟ್ ಆಸುಪಾಸು. ಯಾವ ಸಾಲಿನ ಡೆಸ್ಕುಗಳು ಯಾವ ಬಣ್ಣದ ಮೇಲೆ, ಯಾವ ಎಸಿ ಯಾವ ಬಣ್ಣದ ಮೇಲೆ ಅಂತ ಬಾಗಿಲ ಹಿಂದೆ ಪಟ್ಟಿ. ಮೂರೂ ಬಣ್ಣಕ್ಕೆ ಹೊರೆ ಸಮ ಹಂಚಬೇಕಲ್ಲ, ಅದಕ್ಕೆ. ಟೆಕ್ನಿಷಿಯನ್ ಒಬ್ಬ ಏನು ಬೇಕು ಮೇಡಂ ಅಂದ. ಏನೂ ಇಲ್ಲ, ಚೆನ್ನಾಗಿದೆ ಅಂದೆ. ವಿಚಿತ್ರವಾಗಿ ನೋಡಿದ.

ಮೊನ್ನೆ ಊರಿಗೆ ಹೋಗಿದ್ದೆ. ಅಪ್ಪನ ಪ್ಲಾಸ್ಟರ್ ಬಿಚ್ಚಿ ಬಹಳ ದಿನ ಆಯಿತು, ಆದರೂ ಎಡಗೈಯಿಂದ ಬಕೆಟ್ ಎತ್ತುವಾಗ ಮುಖ ಹಿಂಡುತ್ತಾನೆ. ಬಲ್ಬ್ ಬದಲಿಸಬೇಕಾದರೆ ಈಗ ಮೊದಲು ಮೇನ್ ಇಳಿಸಿ ಬಂದು, "ಮೇನ್ ಇಳಿಸೇನಿ, ಯಾರೂ ಮುಟ್ಟಬ್ಯಾಡ್ರಿ" ಅಂತ ಓಣಿಗೆಲ್ಲ ಕೇಳುವಂತೆ ಕೂಗುತ್ತಾನೆ. ಅಂಗಳದಲ್ಲಿ ಕಾಕಾ ಇದ್ದಿಲು, ಉಪ್ಪು ತುಂಬಿಸಿ ಮಾಡಿದ ಹೊಸ ಅರ್ತ್ ಗುಂಡಿಗೆ ಬೇಸಿಗೆಯಲ್ಲಿ ನೀರು ಬೀಳುತ್ತಿರಬೇಕಂತೆ. ಅವ್ವ ದಿನಾ ತುಳಸಿಗೆ ಹಾಕಿ ಉಳಿದ ತಂಬಿಗೆ ನೀರನ್ನು ಅದಕ್ಕೂ ಸುರಿಯುತ್ತಾಳೆ. ತುಳಸಿಗಿಂತ ಅದಕ್ಕೇ ಜಾಸ್ತಿ ಬೀಳುತ್ತದೆ ಅಂತ ತಂಗಿಯ ದೂರು.

ಹೊರಗೆ ಎಳೆದ ಕೆಂಪು ವಾಯರಿನ ಸುರುಳಿ ಇನ್ನೂ ಅಕ್ಕಿ ಚೀಲದ ಹಿಂದೆ ಬಿದ್ದಿದೆ. ಗಟ್ಟಿ ಐತಿ, ಹಿತ್ತಲದಾಗ ಬಟ್ಟೆ ಒಣಗಿಸಾಕ ಕಟ್ಟೋಣ ಅಂತ ಅಪ್ಪ ತೆಗೆದಿದ್ದ. ಅಷ್ಟರಲ್ಲಿ ಕಾಕಾ ಚಹಾಕ್ಕೆ ಬಂದವರು ಅದನ್ನು ಕೈಯಿಂದ ಕಸಿದುಕೊಂಡರು. "ತಂತಿ ಮ್ಯಾಲೆ ಹಸೀ ಅರಿಬಿ ಹಾಕ್ತೀಯೇನೊ ಮಾರಾಯಾ? ನಾಳೆ ಸರ್ವಿಸ್ ವಾಯರ್ ತಾಗಿದ್ರ? ನೂಲಿನ ಹಗ್ಗ ಕಟ್ಟು" ಅಂತ ಬೈದು, ಸುರುಳಿ ಸುತ್ತಿ ಮತ್ತೆ ಚೀಲದ ಹಿಂದೆ ಒಗೆದರು. ಚಹಾ ಕುಡಿದು ಹೋಗುವಾಗ ನಡುಮನೆಯಲ್ಲಿ ನಿಂತು, ಸ್ವಿಚ್ ಆರಿಸಿ, ಬಲ್ಬಿನ ಕಡೆ ಒಂದು ಕ್ಷಣ ನೋಡಿದರು. ಕಗ್ಗತ್ತಲು. ಮತ್ತೆ ಹಾಕಿ ಹೋದರು.